ಇನ್ಸುಲಿನ್ ನಿರೋಧಕತೆ ಮತ್ತು ಆಹಾರ ಕ್ರಮದ ಹೊಂದಾಣಿಕೆ: ಬೀದರ್, ಭಾಲ್ಕಿ ಹಾಗೂ ಔರಾದ್ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ರಕ್ತ ಪರೀಕ್ಷೆಯ ನಂತರ "ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಅನ್ನ, ರೊಟ್ಟಿ, ಸಕ್ಕರೆ ಕಡಿಮೆ ಮಾಡಬೇಕು" ಎಂಬ ಸಲಹೆಯನ್ನು ಪಡೆಯುವವರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದ್ದು, 13.6 ಕೋಟಿ ಜನರು ಮಧುಮೇಹ ಪೂರ್ವ ಸ್ಥಿತಿಯಲ್ಲಿದ್ದಾರೆ. ಈ ಎರಡನೆಯ ಗುಂಪಿನವರಲ್ಲಿ ಬಹುತೇಕರಿಗೆ ಯಾವುದೇ ತೊಂದರೆ ಕಾಣಿಸಿಕೊಳ್ಳದ ಕಾರಣ ಸಲಹೆಯನ್ನು ನಿರ್ಲಕ್ಷಿಸುವುದು ಸಾಮಾನ್ಯವಾಗಿದೆ. ಇನ್ನು ಕೆಲವರು ಗಾಬರಿಗೊಂಡು ಅನ್ನ, ರೊಟ್ಟಿಗಳನ್ನು ಒಮ್ಮೆಲೇ ತ್ಯಜಿಸಿ, ನಿತ್ರಾಣರಾಗಿ, ಒಂದೆರಡು ವಾರಗಳಲ್ಲಿ ಹಳೆಯ ಕ್ರಮಕ್ಕೆ ಮರಳುತ್ತಾರೆ. ಈ ಎರಡೂ ಸರಿಯಲ್ಲ. ಜಿಲ್ಲೆಯ ಊಟದ ಪದ್ಧತಿಗೆ ಹೊಂದುವಂತೆ ಆಹಾರವನ್ನು ಬದಲಿಸಿಕೊಳ್ಳುವ ಬಗೆ ಹಾಗೂ ಲಭ್ಯವಿರುವ ಸರ್ಕಾರಿ ಸೇವೆಗಳ ವಿವರಗಳನ್ನು ಕೆಳಗೆ ನೀಡಲಾಗಿದೆ.

1. ಇನ್ಸುಲಿನ್ ನಿರೋಧಕತೆ ಎಂದರೇನು?

ಅನ್ನ, ರೊಟ್ಟಿ, ಸಕ್ಕರೆ ಮುಂತಾದವುಗಳಲ್ಲಿರುವ ಶರ್ಕರಪಿಷ್ಟವು (ಕಾರ್ಬೋಹೈಡ್ರೇಟ್) ಜೀರ್ಣವಾದ ನಂತರ ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ಎಂಬ ಹಾರ್ಮೋನು ಈ ಗ್ಲೂಕೋಸನ್ನು ಸ್ನಾಯು ಮತ್ತಿತರ ಜೀವಕೋಶಗಳಿಗೆ ತಲುಪಿಸುತ್ತದೆ. ಹೊಟ್ಟೆಯ ಒಳಭಾಗದಲ್ಲಿ, ಯಕೃತ್ತಿನಲ್ಲಿ ಹಾಗೂ ಸ್ನಾಯುಗಳಲ್ಲಿ ಕೊಬ್ಬು ಶೇಖರವಾದಾಗ ಮತ್ತು ದೈಹಿಕ ಶ್ರಮ ಕಡಿಮೆಯಾದಾಗ ಜೀವಕೋಶಗಳು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಈ ಸ್ಥಿತಿಯನ್ನು ಇನ್ಸುಲಿನ್ ನಿರೋಧಕತೆ ಎನ್ನಲಾಗುತ್ತದೆ.

ಪ್ರಾರಂಭದಲ್ಲಿ ಗ್ರಂಥಿಯು ಹೆಚ್ಚು ಇನ್ಸುಲಿನ್ ಸ್ರವಿಸಿ ಕೊರತೆಯನ್ನು ತುಂಬುವುದರಿಂದ ರಕ್ತದ ಸಕ್ಕರೆ ಪ್ರಮಾಣವು ಹಲವು ವರ್ಷಗಳವರೆಗೆ ಸಾಮಾನ್ಯವಾಗಿಯೇ ಕಾಣಬಹುದು. ಗ್ರಂಥಿಯ ಸಾಮರ್ಥ್ಯ ಕುಗ್ಗಿದಾಗ ಸಕ್ಕರೆಯ ಪ್ರಮಾಣ ಏರಲಾರಂಭಿಸುತ್ತದೆ. ಭಾರತೀಯರಲ್ಲಿ ಕೈಕಾಲುಗಳು ತೆಳ್ಳಗಿದ್ದು ಸೊಂಟದ ಸುತ್ತ ಮಾತ್ರ ಕೊಬ್ಬು ಸೇರುವುದು ಸಾಮಾನ್ಯವಾದ ಕಾರಣ, ದಪ್ಪಗಿಲ್ಲದವರಿಗೂ ಈ ಸ್ಥಿತಿ ಬರಬಹುದಾಗಿದೆ.

2. ಗುರುತಿಸುವ ವಿಧಾನ

ಇನ್ಸುಲಿನ್ ಪ್ರಮಾಣವನ್ನೇ ಅಳೆಯುವ ಪರೀಕ್ಷೆಯು ಸಾಮಾನ್ಯವಾಗಿ ಅಗತ್ಯವಿರುವುದಿಲ್ಲ. ವೈದ್ಯರು ಈ ಕೆಳಗಿನ ಅಂಶಗಳನ್ನು ಒಟ್ಟಾಗಿ ಪರಿಗಣಿಸುತ್ತಾರೆ.

(ಅ) ಸೊಂಟದ ಸುತ್ತಳತೆ: ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು.
(ಆ) ಕುತ್ತಿಗೆಯ ಹಿಂಭಾಗ ಹಾಗೂ ಕಂಕುಳಲ್ಲಿ ಚರ್ಮವು ಕಪ್ಪಾಗಿ ದಪ್ಪಗಾಗುವುದು. ಇದು ತೊಳೆದರೆ ಹೋಗುವ ಕೊಳೆಯಲ್ಲ.
(ಇ) ಖಾಲಿ ಹೊಟ್ಟೆಯ ರಕ್ತದ ಸಕ್ಕರೆ 100 ಮಿ.ಲೀ.ಗೆ 100 ರಿಂದ 125 ಮಿ.ಗ್ರಾಂ. ಇರುವುದು. 126 ಅಥವಾ ಅದಕ್ಕಿಂತ ಹೆಚ್ಚು ಇದ್ದಲ್ಲಿ ಪುನಃ ಪರೀಕ್ಷಿಸಿ ಮಧುಮೇಹವನ್ನು ದೃಢಪಡಿಸಲಾಗುತ್ತದೆ.
(ಈ) ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿ ಎ1ಸಿ ಪರೀಕ್ಷೆಯಲ್ಲಿ ಶೇ. 5.7 ರಿಂದ 6.4 ಇರುವುದು. ರಕ್ತಹೀನತೆ ಇರುವವರಲ್ಲಿ ಈ ಫಲಿತಾಂಶದಲ್ಲಿ ವ್ಯತ್ಯಾಸವಾಗಬಹುದಾದ್ದರಿಂದ ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

3. ಈ ಹಂತದಲ್ಲಿಯೇ ಆಹಾರ ಬದಲಿಸುವುದು ಏಕೆ?

ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ ಮಧುಮೇಹ ಪೂರ್ವ ಸ್ಥಿತಿಯಲ್ಲಿದ್ದ 531 ಜನರನ್ನು ಸುಮಾರು ಎರಡೂವರೆ ವರ್ಷಗಳ ಕಾಲ ಗಮನಿಸಲಾಯಿತು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ಶೇ. 55 ರಷ್ಟು ಜನರು ಮಧುಮೇಹಿಗಳಾದರು. ಆಹಾರ ಹಾಗೂ ನಡಿಗೆಯ ಕ್ರಮವನ್ನು ನಿಯಮಿತ ಮಾರ್ಗದರ್ಶನದಲ್ಲಿ ಪಾಲಿಸಿದವರಲ್ಲಿ ಈ ಪ್ರಮಾಣವು ಶೇ. 39.3 ಆಗಿತ್ತು. ಮಾತ್ರೆಯನ್ನು ಮಾತ್ರ ಸೇವಿಸಿದವರ ಫಲಿತಾಂಶವೂ ಇದಕ್ಕೆ ಸಮೀಪವಾಗಿತ್ತು. ಅಂದರೆ, ಈ ಹಂತದಲ್ಲಿ ಊಟದ ತಟ್ಟೆಯಲ್ಲಿ ಮಾಡುವ ಬದಲಾವಣೆಯು ಔಷಧಿಗೆ ಸರಿಸಮನಾದ ಪರಿಣಾಮ ಬೀರಬಲ್ಲದು. ಮಧುಮೇಹವು ಬಂದು ವರ್ಷಗಳು ಕಳೆದ ಮೇಲೆ ಕಣ್ಣು, ಮೂತ್ರಪಿಂಡ, ಹೃದಯ ಮತ್ತು ಪಾದಗಳಿಗೆ ಆಗುವ ಹಾನಿಯನ್ನು ಸರಿಪಡಿಸುವುದು ಇಷ್ಟು ಸುಲಭವಲ್ಲ.

4. ಎಷ್ಟು ಕಡಿಮೆ ಮಾಡಬೇಕು?

ಭಾರತೀಯರು ದಿನದ ಒಟ್ಟು ಶಕ್ತಿಯಲ್ಲಿ ಸರಾಸರಿ ಶೇ. 62 ರಷ್ಟನ್ನು ಶರ್ಕರಪಿಷ್ಟದಿಂದಲೇ ಪಡೆಯುತ್ತಾರೆಂದು 2025ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸುತ್ತದೆ. ಮಧುಮೇಹ ಪೂರ್ವ ಸ್ಥಿತಿಯಲ್ಲಿರುವವರು ಇದನ್ನು ಶೇ. 50 ರಿಂದ 55 ರ ಆಸುಪಾಸಿಗೆ ಇಳಿಸುವುದು ಪ್ರಯೋಜನಕಾರಿ ಎಂಬುದು ತಜ್ಞರ ಅಭಿಪ್ರಾಯವಾಗಿದೆ.

ದಿನಕ್ಕೆ 1800 ಕ್ಯಾಲೊರಿ ಆಹಾರ ಸೇವಿಸುವ ವ್ಯಕ್ತಿಯ ಲೆಕ್ಕವನ್ನು ಉದಾಹರಣೆಗೆ ಪರಿಶೀಲಿಸಬಹುದು. ಶೇ. 62 ರಂತೆ ಆತನಿಗೆ ಸುಮಾರು 279 ಗ್ರಾಂ ಶರ್ಕರಪಿಷ್ಟ ದೊರೆಯುತ್ತದೆ. ಶೇ. 50 ಕ್ಕೆ ಇಳಿಸಿದಲ್ಲಿ ಅದು 225 ಗ್ರಾಂ ಆಗುತ್ತದೆ. ವ್ಯತ್ಯಾಸವು 54 ಗ್ರಾಂ ಮಾತ್ರ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 34 ಗ್ರಾಂ, ತಲಾ ಎರಡು ಚಮಚ ಸಕ್ಕರೆ ಹಾಕಿದ ಎರಡು ಕಪ್ ಚಹಾದಲ್ಲಿ ಸುಮಾರು 20 ಗ್ರಾಂ ಶರ್ಕರಪಿಷ್ಟ ಇರುತ್ತದೆ. ಅಂದರೆ, ದಿನಕ್ಕೆ ಒಂದು ರೊಟ್ಟಿ ಮತ್ತು ನಾಲ್ಕು ಚಮಚ ಸಕ್ಕರೆಯನ್ನು ಬಿಟ್ಟು, ಬೇಳೆ, ಕಾಳು, ಪಲ್ಯಗಳನ್ನು ಹೆಚ್ಚಿಸಿದರೆ ಈ ಗುರಿಯ ಸಮೀಪಕ್ಕೆ ತಲುಪಬಹುದಾಗಿದೆ. ಊಟವನ್ನೇ ತ್ಯಜಿಸುವ ಅಗತ್ಯವಿಲ್ಲ.

5. ಜೋಳದ ರೊಟ್ಟಿಯ ಬಗ್ಗೆ ಇರುವ ತಪ್ಪು ತಿಳುವಳಿಕೆ

"ಅನ್ನ ಬಿಟ್ಟರೆ ಸಾಕು, ಜೋಳದ ರೊಟ್ಟಿಯನ್ನು ಎಷ್ಟಾದರೂ ತಿನ್ನಬಹುದು" ಎಂಬ ಅಭಿಪ್ರಾಯವು ಜನರಲ್ಲಿ ಬೇರೂರಿದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳಂತೆ 100 ಗ್ರಾಂ ಬೇಯಿಸದ ಪದಾರ್ಥದಲ್ಲಿರುವ ಅಂಶಗಳು ಸರಿಸುಮಾರು ಈ ರೀತಿ ಇವೆ:

ಅಕ್ಕಿ: ಶರ್ಕರಪಿಷ್ಟ 78 ಗ್ರಾಂ, ಸಸಾರಜನಕ (ಪ್ರೋಟೀನ್) 8 ಗ್ರಾಂ
ಜೋಳ: ಶರ್ಕರಪಿಷ್ಟ 68 ಗ್ರಾಂ, ಸಸಾರಜನಕ 10 ಗ್ರಾಂ
ಗೋಧಿ ಹಿಟ್ಟು: ಶರ್ಕರಪಿಷ್ಟ 64 ಗ್ರಾಂ, ಸಸಾರಜನಕ 11 ಗ್ರಾಂ
ತೊಗರಿ ಬೇಳೆ: ಶರ್ಕರಪಿಷ್ಟ 55 ಗ್ರಾಂ, ಸಸಾರಜನಕ 22 ಗ್ರಾಂ
ಹೆಸರು ಬೇಳೆ: ಶರ್ಕರಪಿಷ್ಟ 53 ಗ್ರಾಂ, ಸಸಾರಜನಕ 24 ಗ್ರಾಂ
ಕಡಲೆ ಬೇಳೆ: ಶರ್ಕರಪಿಷ್ಟ 47 ಗ್ರಾಂ, ಸಸಾರಜನಕ 22 ಗ್ರಾಂ
ಶೇಂಗಾ: ಶರ್ಕರಪಿಷ್ಟ 17 ಗ್ರಾಂ, ಸಸಾರಜನಕ 24 ಗ್ರಾಂ

ಜೋಳದಲ್ಲಿ ನಾರಿನಂಶವು ಅಕ್ಕಿಗಿಂತ ಮೂರು ಪಟ್ಟಿಗೂ ಹೆಚ್ಚಾಗಿದ್ದು, ಹೊಟ್ಟೆ ಬೇಗನೆ ತುಂಬಿದಂತಾಗುತ್ತದೆ. ಆದ್ದರಿಂದ ಅಕ್ಕಿಗಿಂತ ಜೋಳವು ಉತ್ತಮವೆಂಬುದು ನಿಜ. ಆದರೆ ಶರ್ಕರಪಿಷ್ಟದ ಪ್ರಮಾಣದಲ್ಲಿ ಹೆಚ್ಚಿನ ಅಂತರವಿಲ್ಲ. ಎರಡು ರೊಟ್ಟಿ ತಿನ್ನುವವರು ಅನ್ನವನ್ನು ಬಿಟ್ಟು ನಾಲ್ಕು ರೊಟ್ಟಿ ತಿಂದಲ್ಲಿ ಯಾವುದೇ ಪ್ರಯೋಜನವಾಗುವುದಿಲ್ಲ. ಯಾವ ಧಾನ್ಯ ಎಂಬುದರಷ್ಟೇ, ಎಷ್ಟು ಮತ್ತು ಯಾವುದರ ಜೊತೆಗೆ ಎಂಬುದೂ ಮುಖ್ಯವಾಗಿದೆ.

6. ಜಿಲ್ಲೆಯ ಬೆಳೆಗಳಲ್ಲಿಯೇ ಇರುವ ಪರ್ಯಾಯ

ಬೀದರ್ ಜಿಲ್ಲೆಯಲ್ಲಿ ಮುಂಗಾರಿನಲ್ಲಿ ತೊಗರಿ, ಹೆಸರು, ಉದ್ದು, ಸೋಯಾ ಅವರೆ, ಹಿಂಗಾರಿನಲ್ಲಿ ಕಡಲೆ ಹಾಗೂ ಜೋಳವನ್ನು ಬೆಳೆಯಲಾಗುತ್ತದೆ. ಮಾರುಕಟ್ಟೆಗೆ ಕಳುಹಿಸುವ ಕಾಳುಗಳಲ್ಲಿ ಸ್ವಲ್ಪ ಭಾಗವನ್ನು ಮನೆಯ ಅಡುಗೆಗೆ ಉಳಿಸಿಕೊಂಡಲ್ಲಿ ದುಬಾರಿ ಪದಾರ್ಥಗಳನ್ನು ಖರೀದಿಸುವ ಅವಶ್ಯಕತೆ ಬೀಳುವುದಿಲ್ಲ. ಕಡಲೆ ಹಿಟ್ಟಿನ ಝುಣಕ, ಮೊಳಕೆ ಬರಿಸಿದ ಹೆಸರು ಕಾಳು, ಪುಂಡಿ ಪಲ್ಯ, ಮೆಂತ್ಯ ಪಲ್ಯ, ಶೇಂಗಾ ಹಿಂಡಿ, ಮೊಸರು, ಮಜ್ಜಿಗೆ ಇವು ಈ ಭಾಗದ ಮನೆಗಳಲ್ಲಿ ಈಗಾಗಲೇ ಇರುವ ಆಹಾರಗಳು. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಉಣ್ಣುವ, ಹಲವು ಬಗೆಯ ಹಸಿ ಕಾಳು ಹಾಗೂ ತರಕಾರಿಗಳ ಭಜ್ಜಿಯು ಇಂತಹ ಊಟಕ್ಕೆ ಉತ್ತಮ ಮಾದರಿಯಾಗಿದ್ದು, ಅದನ್ನು ವರ್ಷದ ಇತರ ದಿನಗಳಲ್ಲಿಯೂ ತಯಾರಿಸಬಹುದಾಗಿದೆ. ಮಾಂಸಾಹಾರಿಗಳು ಮೊಟ್ಟೆ, ಮೀನು, ಕೋಳಿ ಮಾಂಸವನ್ನು ಸೇರಿಸಿಕೊಳ್ಳಬಹುದು. ಸೋಯಾ ಅವರೆಯನ್ನು ಹಸಿಯಾಗಿ ಬಳಸದೆ, ನೆನೆಸಿ ಚೆನ್ನಾಗಿ ಬೇಯಿಸಿದ ನಂತರವೇ ಬಳಸತಕ್ಕದ್ದು.

ಅನ್ನಭಾಗ್ಯ ಯೋಜನೆಯು 2013ರಲ್ಲಿ ಜಾರಿಗೆ ಬಂದ ನಂತರ ಬಡ ಕುಟುಂಬಗಳಿಗೆ ಅಕ್ಕಿಯು ಸುಲಭವಾಗಿ ದೊರೆಯುವಂತಾಗಿದ್ದು, ಪಡಿತರವನ್ನು ನಿರಾಕರಿಸುವ ಅಗತ್ಯವಿಲ್ಲ. ಒಂದು ಹೊತ್ತಿನ ಅನ್ನದ ಬದಲು ಅಕ್ಕಿ ಮತ್ತು ಹೆಸರು ಬೇಳೆಯನ್ನು ಸಮಪ್ರಮಾಣದಲ್ಲಿ ಬೆರೆಸಿ, ಸೊಪ್ಪು ತರಕಾರಿ ಹಾಕಿದ ಖಿಚಡಿಯನ್ನು ಮಿತವಾಗಿ ಸೇವಿಸಬಹುದು.

7. ಹಂತ ಹಂತವಾಗಿ ಹೊಂದಿಕೊಳ್ಳುವ ಕ್ರಮ

ಮೊದಲ ಎರಡು ವಾರ: ಚಹಾದ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ, ನಂತರ ಬಿಡುವುದು. ತಂಪು ಪಾನೀಯ, ಕಬ್ಬಿನ ಹಾಲು, ಚಹಾದೊಂದಿಗಿನ ಬಿಸ್ಕತ್ತು ಮತ್ತು ಟೋಸ್ಟ್‌ಗಳನ್ನು ನಿಲ್ಲಿಸುವುದು. ಬೆಲ್ಲವೂ ರಕ್ತದ ಸಕ್ಕರೆಯನ್ನು ಸಕ್ಕರೆಯಂತೆಯೇ ಏರಿಸುತ್ತದೆ.

ಮೂರು ಮತ್ತು ನಾಲ್ಕನೆಯ ವಾರ: ರಾತ್ರಿ ಊಟದಲ್ಲಿ ರೊಟ್ಟಿ ಹಾಗೂ ಅನ್ನ ಎರಡನ್ನೂ ಸೇವಿಸದೆ ಒಂದನ್ನು ಮಾತ್ರ ಸೇವಿಸುವುದು. ತಟ್ಟೆಯ ಅರ್ಧ ಭಾಗದಲ್ಲಿ ಸೊಪ್ಪು ತರಕಾರಿ, ಕಾಲು ಭಾಗದಲ್ಲಿ ಬೇಳೆ ಕಾಳು, ಉಳಿದ ಕಾಲು ಭಾಗದಲ್ಲಿ ರೊಟ್ಟಿ ಅಥವಾ ಅನ್ನ ಇರತಕ್ಕದ್ದು. ಆಲೂಗಡ್ಡೆಯನ್ನು ತರಕಾರಿಯ ಲೆಕ್ಕಕ್ಕೆ ಸೇರಿಸಬಾರದು.

ನಂತರದ ದಿನಗಳು: ಮೊದಲು ಪಲ್ಯ ಮತ್ತು ಕಾಳುಗಳನ್ನು ಸೇವಿಸಿ ಆಮೇಲೆ ರೊಟ್ಟಿ ಅಥವಾ ಅನ್ನವನ್ನು ಸೇವಿಸಿದಲ್ಲಿ ಸಕ್ಕರೆಯ ಏರಿಕೆ ಕಡಿಮೆಯಾಗುತ್ತದೆ. ಊಟದ ನಂತರ 10 ರಿಂದ 15 ನಿಮಿಷ ನಡೆಯುವುದು ಸಹ ಸಹಕಾರಿ.

ಪ್ರಾರಂಭದಲ್ಲಿ ಹಸಿವು, ತಲೆನೋವು, ಸುಸ್ತು ಹಾಗೂ ಮಲಬದ್ಧತೆ ಕಾಣಿಸಿಕೊಳ್ಳಬಹುದು. ಸಾಕಷ್ಟು ನೀರು, ಮಜ್ಜಿಗೆ ಮತ್ತು ಸೊಪ್ಪಿನ ಸೇವನೆಯಿಂದ ಇವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಶಮನವಾಗುತ್ತವೆ. ಹೊಲದ ಕೆಲಸ, ಕಬ್ಬು ಕಡಿಯುವ ಕೆಲಸ ಮುಂತಾದ ಕಠಿಣ ಶ್ರಮದಲ್ಲಿ ತೊಡಗಿರುವವರು ರೊಟ್ಟಿಯನ್ನು ಹೆಚ್ಚು ಕಡಿತಗೊಳಿಸದೆ ಸಕ್ಕರೆಯನ್ನು ಬಿಡುವುದಕ್ಕೆ ಹಾಗೂ ಕಾಳುಗಳನ್ನು ಹೆಚ್ಚಿಸುವುದಕ್ಕೆ ಆದ್ಯತೆ ನೀಡತಕ್ಕದ್ದು.

8. ಕುಟುಂಬದ ಸಹಕಾರ ಮತ್ತು ಉಪವಾಸದ ದಿನಗಳು

ಅನೇಕ ಮನೆಗಳಲ್ಲಿ ಮಹಿಳೆಯರು ಕೊನೆಗೆ ಊಟ ಮಾಡುವುದರಿಂದ ಅವರ ಪಾಲಿಗೆ ಅನ್ನ ಅಥವಾ ರೊಟ್ಟಿ ಹಾಗೂ ತಿಳಿಸಾರು ಮಾತ್ರ ಉಳಿಯುತ್ತದೆ. ಸಲಹೆ ಪಡೆದವರು ಮನೆಯ ಗೃಹಿಣಿಯೇ ಆಗಿದ್ದಲ್ಲಿ ಬೇಳೆ ಮತ್ತು ಪಲ್ಯವನ್ನು ಅವರಿಗಾಗಿ ಮೊದಲೇ ತೆಗೆದಿರಿಸುವುದು ಕುಟುಂಬದ ಎಲ್ಲರ ಜವಾಬ್ದಾರಿಯಾಗಿರುತ್ತದೆ. ಒಬ್ಬರಿಗಾಗಿ ಪ್ರತ್ಯೇಕ ಅಡುಗೆ ಮಾಡುವ ಬದಲು ಇಡೀ ಮನೆಯ ಅಡುಗೆಯಲ್ಲಿ ಬದಲಾವಣೆ ತರುವುದು ಸೂಕ್ತ.

ಶ್ರಾವಣ, ಏಕಾದಶಿ ಮುಂತಾದ ಉಪವಾಸಗಳಲ್ಲಿ ಸೇವಿಸುವ ಸಾಬುದಾಣಿ ಖಿಚಡಿಯು ಬಹುತೇಕ ಪಿಷ್ಟವೇ ಆಗಿದ್ದು, ಅದರ ಬದಲು ಶೇಂಗಾ, ಮೊಸರು, ಹಾಲು ಸೂಕ್ತ. ರಮ್ಜಾನ್ ಉಪವಾಸ ಆಚರಿಸುವವರು ಇಫ್ತಾರ್ ಸಮಯದಲ್ಲಿ ಶರಬತ್ತು ಹಾಗೂ ಕರಿದ ತಿಂಡಿಗಳನ್ನು ಮಿತಗೊಳಿಸಿ, ಸಹ್ರಿಯಲ್ಲಿ ಬೇಳೆ, ಮೊಟ್ಟೆ, ಮೊಸರನ್ನು ಸೇರಿಸಿಕೊಳ್ಳಬಹುದು.

9. ವೈದ್ಯರ ಅನುಮತಿ ಇಲ್ಲದೆ ಆಹಾರ ಬದಲಿಸಬಾರದವರು

ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ಪಡೆಯುತ್ತಿರುವವರು ಹಳೆಯ ಪ್ರಮಾಣದಲ್ಲಿಯೇ ಔಷಧಿಯನ್ನು ಮುಂದುವರಿಸಿ ಊಟವನ್ನು ಮಾತ್ರ ಕಡಿಮೆ ಮಾಡಿದಲ್ಲಿ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ಗೊಂದಲ, ಪ್ರಜ್ಞೆ ತಪ್ಪುವಿಕೆ ಇದರ ಲಕ್ಷಣಗಳು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮೂತ್ರಪಿಂಡದ ಕಾಯಿಲೆ ಇರುವವರು, ಮಕ್ಕಳು ಹಾಗೂ ತೂಕ ಕಡಿಮೆ ಇರುವವರು ಕಡ್ಡಾಯವಾಗಿ ವೈದ್ಯರ ಸಲಹೆ ಪಡೆಯತಕ್ಕದ್ದು. ಶರ್ಕರಪಿಷ್ಟವನ್ನು ಸಂಪೂರ್ಣವಾಗಿ ತ್ಯಜಿಸುವ ಪದ್ಧತಿಗಳನ್ನು ಸ್ವಂತ ನಿರ್ಧಾರದಿಂದ ಅನುಸರಿಸಬಾರದು.

10. ಸೇವೆ ಪಡೆಯುವ ವಿಧಾನ

30 ವರ್ಷ ಮೇಲ್ಪಟ್ಟ ಎಲ್ಲರೂ ಅಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾರ್ಯಕ್ರಮದಡಿ ತಪಾಸಣೆಗೆ ಅರ್ಹರಿರುತ್ತಾರೆ. ಆಶಾ ಕಾರ್ಯಕರ್ತೆಯರು ಮನೆಗೆ ಭೇಟಿ ನೀಡಿದಾಗ ವಯಸ್ಸು, ಸೊಂಟದ ಸುತ್ತಳತೆ, ತಂಬಾಕು ಹಾಗೂ ಮದ್ಯದ ಬಳಕೆ, ದೈಹಿಕ ಚಟುವಟಿಕೆ, ಕುಟುಂಬದ ಹಿನ್ನೆಲೆ ಕುರಿತು ನಮೂನೆಯೊಂದನ್ನು ಭರ್ತಿ ಮಾಡುತ್ತಾರೆ. 4 ಕ್ಕಿಂತ ಹೆಚ್ಚು ಅಂಕ ಬಂದವರಿಗೆ ತಪಾಸಣೆಯಲ್ಲಿ ಆದ್ಯತೆ ಇರುತ್ತದೆ. ಮಾಹಿತಿಯನ್ನು ಮರೆಮಾಚದೆ ನೀಡತಕ್ಕದ್ದು.

ಪ್ರಾಥಮಿಕ ತಪಾಸಣೆಯು ಆಯುಷ್ಮಾನ್ ಆರೋಗ್ಯ ಮಂದಿರ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿರುತ್ತದೆ. ಹೆಚ್ಚಿನ ಪರೀಕ್ಷೆಗಾಗಿ ಭಾಲ್ಕಿ ಹಾಗೂ ಔರಾದ್ ತಾಲ್ಲೂಕಿನವರು ತಮ್ಮ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯನ್ನು, ಬೀದರ್ ನಗರದವರು 2007ರಲ್ಲಿ ಆರಂಭವಾದ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಬ್ರಿಮ್ಸ್) ಬೋಧನಾ ಆಸ್ಪತ್ರೆಯನ್ನು ಸಂಪರ್ಕಿಸಬಹುದಾಗಿದೆ. ಬರುವಾಗ ಆಧಾರ್ ಚೀಟಿ, ಪಡಿತರ ಚೀಟಿ, ಹಳೆಯ ವರದಿಗಳು ಹಾಗೂ ಸೇವಿಸುತ್ತಿರುವ ಎಲ್ಲಾ ಔಷಧಿಗಳನ್ನು ತರತಕ್ಕದ್ದು. ಖಾಲಿ ಹೊಟ್ಟೆಯ ಪರೀಕ್ಷೆಗೆ ಹಿಂದಿನ ರಾತ್ರಿಯ ಊಟದ ನಂತರ ಕನಿಷ್ಠ 8 ಗಂಟೆಗಳ ಕಾಲ ನೀರನ್ನು ಹೊರತುಪಡಿಸಿ ಚಹಾ ಸೇರಿದಂತೆ ಏನನ್ನೂ ಸೇವಿಸಬಾರದು. ದೂರದ ಗ್ರಾಮಗಳಿಂದ ಬರುವವರು ತಿಂಡಿಯನ್ನು ಜೊತೆಯಲ್ಲಿ ತಂದು, ರಕ್ತ ನೀಡಿದ ನಂತರ ಸೇವಿಸುವುದು ಸೂಕ್ತ.

ಆಹಾರ ಬದಲಿಸಿದ ಮೂರು ತಿಂಗಳ ನಂತರ ಪುನಃ ಪರೀಕ್ಷೆ ಮಾಡಿಸಿಕೊಂಡು, ತೂಕ ಹಾಗೂ ಸೊಂಟದ ಅಳತೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು. ತೂಕ ಹೆಚ್ಚಿರುವ 70 ಕಿಲೋ ತೂಕದ ವ್ಯಕ್ತಿಯು ನಾಲ್ಕೈದು ಕಿಲೋ ಇಳಿಸಿದರೂ ಉತ್ತಮ ಪರಿಣಾಮ ನಿರೀಕ್ಷಿಸಬಹುದು. ಫಲಿತಾಂಶ ಸಾಮಾನ್ಯ ಮಟ್ಟಕ್ಕೆ ಬಂದ ನಂತರವೂ ಹಳೆಯ ಊಟಕ್ಕೆ ಮರಳಿದಲ್ಲಿ ಸಮಸ್ಯೆ ಮರುಕಳಿಸುತ್ತದೆಯಾದ್ದರಿಂದ ವರ್ಷಕ್ಕೊಮ್ಮೆ ಪರೀಕ್ಷೆಯನ್ನು ಮುಂದುವರಿಸತಕ್ಕದ್ದು. ಕುಟುಂಬದಲ್ಲಿ ಒಬ್ಬರಿಗೆ ಈ ಸ್ಥಿತಿ ಪತ್ತೆಯಾದಲ್ಲಿ 30 ವರ್ಷ ದಾಟಿದ ಅವರ ಒಡಹುಟ್ಟಿದವರು ಹಾಗೂ ಮಕ್ಕಳು ಸಹ ಸಮೀಪದ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಂಡು ಈ ಸೌಲಭ್ಯದ ಸದುಪಯೋಗ ಪಡೆಯಬೇಕೆಂದು ಕೋರಲಾಗಿದೆ.