ಓಕ್ ಮರದ ಸುಗ್ಗಿ, ಓಕ್ ಮರದ ಬರ

ಇಬ್ಬರು ಮರದಡಿ ನಿಲ್ಲುತ್ತಾರೆ. ಕಣ್ಣಿಗೆ ದುರ್ಬೀನು. 15 ಸೆಕೆಂಡಿನಲ್ಲಿ ಕಂಡಷ್ಟು ಕಾಯಿಗಳನ್ನು ಒಬ್ಬೊಬ್ಬರೂ ಎಣಿಸುತ್ತಾರೆ; ಎರಡನ್ನೂ ಕೂಡಿದರೆ ಆ ಮರದ ಆ ವರ್ಷದ ಲೆಕ್ಕ ಮುಗಿಯಿತು, ಮುಂದಿನ ಮರಕ್ಕೆ ನಡೆ. ಕ್ಯಾಲಿಫೋರ್ನಿಯಾದ ಕಾರ್ಮೆಲ್ ಕಣಿವೆಯ ಹೇಸ್ಟಿಂಗ್ಸ್ ಸಂರಕ್ಷಿತ ಪ್ರದೇಶದಲ್ಲಿ ವಾಲ್ಟರ್ ಕೊಯ್ನಿಗ್ ಮತ್ತು ಸಂಗಡಿಗರು 1980ರಲ್ಲಿ ಸುಮಾರು 250 ಓಕ್ ಮರಗಳನ್ನು ಗುರುತು ಮಾಡಿಕೊಂಡು ಶುರು ಮಾಡಿದ ಎಣಿಕೆ ಇದು. ವರ್ಷವರ್ಷವೂ ಅವೇ ಮರಗಳು, ಅದೇ 15 ಸೆಕೆಂಡು. ಇಷ್ಟು ಸರಳವಾದ ಕೆಲಸವನ್ನು ದಶಕಗಟ್ಟಲೆ ಬಿಡದೆ ನಡೆಸಿಕೊಂಡು ಬಂದದ್ದೇ ಇದರ ದೊಡ್ಡತನ. ಒಂದೆರಡು ವರ್ಷ ಎಣಿಸಿ ಕೈಬಿಟ್ಟವರಿಗೆ ಓಕ್ ಮರ ಏನನ್ನೂ ಹೇಳುವುದಿಲ್ಲ.

ಓಕ್ ಪ್ರತಿವರ್ಷ ಒಂದೇ ಸಮನೆ ಕಾಯಿ ಬಿಡುವ ಮರವಲ್ಲ. ಒಂದು ವರ್ಷ ಕೊಂಬೆ ಜಗ್ಗುವಷ್ಟು ಕಾಯಿ. ಮತ್ತೊಂದು ವರ್ಷ ಹುಡುಕಿದರೂ ಒಂದು ಸಿಗದು. ಮಾವಿನ ತೋಪಿನವರಿಗೆ ಇದು ಹೊಸತೇನಲ್ಲ, ಒಂದು ವರ್ಷ ಬಿಟ್ಟು ಒಂದು ವರ್ಷ ಫಸಲು ಕೊಡುವ ಮರಗಳನ್ನು ಅವರು ಕಂಡಿದ್ದಾರೆ. ಆದರೆ ಓಕ್‌ಗೆ ಅಂಥ ಸರದಿಯೂ ಇಲ್ಲ. ಭಾರಿ ಫಸಲಿನ ಮರುವರ್ಷ ಸಾಮಾನ್ಯವಾಗಿ ಕಾಯಿ ಇಳಿಯುತ್ತದೆ ಎಂಬುದೊಂದನ್ನು ಬಿಟ್ಟರೆ, ಮುಂದಿನ ಸುಗ್ಗಿ ಯಾವಾಗ ಎಂದು ಹೇಳಲಾಗದು. ಇನ್ನೂ ಬೆರಗಿನ ಮಾತೆಂದರೆ, ಸುಗ್ಗಿ ಬಂದರೆ ಒಂದು ಮರಕ್ಕೆ ಮಾತ್ರ ಬರುವುದಿಲ್ಲ. ಕ್ಯಾಲಿಫೋರ್ನಿಯಾದ ನೀಲಿ ಓಕ್‌ಗಳಲ್ಲಿ ನೂರಾರು ಕಿಲೋಮೀಟರ್ ದೂರದ ಮರಗಳೂ ಒಂದೇ ವರ್ಷ ತುಂಬಿ ನಿಲ್ಲುತ್ತವೆ, ಒಂದೇ ವರ್ಷ ಬರಿದಾಗುತ್ತವೆ.

ಇದರಿಂದ ಮರಕ್ಕೆ ಲಾಭವಿದೆ. ಇಲಿ, ಅಳಿಲು, ಜಿಂಕೆ, ಜೇ ಹಕ್ಕಿ, ಕಾಯಿಯೊಳಗೇ ಬೆಳೆಯುವ ಮೂತಿಹುಳು, ಇಷ್ಟೂ ಜೀವಿಗಳಿಗೆ ಓಕ್ ಕಾಯಿ ಊಟ. ಬರದ ವರ್ಷಗಳಲ್ಲಿ ಅವುಗಳ ಸಂಖ್ಯೆ ತಗ್ಗುತ್ತದೆ. ಆಮೇಲೆ ಒಮ್ಮೆಲೇ ಕಾಯಿ ಸುರಿದರೆ ಎಷ್ಟು ತಿಂದರೂ ಮಿಗುತ್ತದೆ, ಮಿಕ್ಕದ್ದು ಮೊಳೆಯುತ್ತದೆ. ಲಾಭ ಸರಿ. ಆದರೆ ಮಾತಿಲ್ಲದ ಮರಗಳು ಒಂದೇ ವರ್ಷವನ್ನು ಹೇಗೆ ಆರಿಸಿಕೊಳ್ಳುತ್ತವೆ?

ಓಕ್ ತುಂಬಾ ಕಾಯಿ ಬಿಟ್ಟರೆ ಮುಂಬರುವ ಚಳಿಗಾಲ ಕಠಿಣ ಎಂದು ಯುರೋಪು, ಅಮೆರಿಕದ ಹಳ್ಳಿಗರು ಹೇಳುತ್ತಾ ಬಂದಿದ್ದಾರೆ. ಹೇಸ್ಟಿಂಗ್ಸ್‌ನ ಲೆಕ್ಕ ಬೊಟ್ಟು ಮಾಡುವುದು ಮುಂದಕ್ಕಲ್ಲ, ಹಿಂದಕ್ಕೆ, ಕಳೆದುಹೋದ ವಸಂತದ ಕಡೆಗೆ. ಕಣಿವೆ ಓಕ್ ಹೂಬಿಡುವ ಏಪ್ರಿಲ್ ಹೊತ್ತಿಗೆ ಬಿಸಿಲು ಚೆನ್ನಾಗಿದ್ದರೆ ಆ ಶರತ್ಕಾಲದಲ್ಲಿ ಕಾಯಿ ಹೆಚ್ಚು. ಓಕ್‌ನ ಪರಾಗವನ್ನು ಒಯ್ಯುವುದು ಗಾಳಿ. ಜೋಲಾಡುವ ಗಂಡು ಗೊಂಚಲಿನಿಂದ ಹಾರಿದ ಪುಡಿ ಬೇರೊಂದು ಮರದ ಹೆಣ್ಣು ಹೂವನ್ನು, ಅದು ಅರಳಿರುವಾಗಲೇ ಮುಟ್ಟಬೇಕು. ವಸಂತ ತಂಪಾಗಿ, ತೇವವಾಗಿ ಬಂದರೆ ಗುಡ್ಡದ ನೆತ್ತಿಗೊಂದು, ನೆರಳಿನ ಕಣಿವೆಗೊಂದು ಹವೆ. ಮರಗಳು ಹಿಂದುಮುಂದಾಗಿ ಹೂಬಿಡುತ್ತವೆ, ಪರಾಗ ಹೊತ್ತುತಪ್ಪಿ ಹಾರುತ್ತದೆ. ಬೆಚ್ಚಗೆ ಒಣಗಿದ ವಸಂತದಲ್ಲಿ ನೆತ್ತಿಗೂ ಕಣಿವೆಗೂ ಅಂತರ ಕರಗಿ ಎಲ್ಲ ಮರಗಳೂ ಒಟ್ಟಿಗೇ ಅರಳುತ್ತವೆ. 2015ರಲ್ಲಿ ಕೊಯ್ನಿಗ್ ತಂಡ ಮಂಡಿಸಿದ ವಿವರಣೆ ಇದು. ಮರಗಳನ್ನು ಜೊತೆಗೂಡಿಸುವ ಕೆಲಸವನ್ನು ಹವಾಮಾನವೇ ಮಾಡಿಕೊಡುತ್ತದೆ. ನನಗಂತೂ ಇದು ಯಾವ ಭವಿಷ್ಯವಾಣಿಗಿಂತಲೂ ಸೊಗಸಾಗಿ ಕಾಣುತ್ತದೆ.

ಪರಾಗ ಅಷ್ಟು ಮುಖ್ಯವಾದರೆ ಒಂಟಿ ಮರದ ಗತಿಯೇನು? ನೆರೆಯಲ್ಲಿ ಹೂಬಿಡುವ ಸಂಗಾತಿಗಳು ಕಡಿಮೆಯಿರುವ ನೀಲಿ ಓಕ್‌ಗಳಲ್ಲಿ ಕಾಯಿಯೂ ಕಡಿಮೆ ಎಂದು ಕ್ಯಾಲಿಫೋರ್ನಿಯಾದಲ್ಲೇ ನಡೆದ ಅಧ್ಯಯನ ಕಂಡಿದೆ. ಹೊಲಕ್ಕೋ ಮನೆಗೋ ಕಾಡು ಕಡಿದು ಅಲ್ಲೊಂದು ಇಲ್ಲೊಂದು ಮರ ಉಳಿಸಿದರೆ, ನೆರಳು ಉಳಿಯುತ್ತದೆ, ಫಸಲು ಉಳಿದೀತೆಂಬ ಭರವಸೆಯಿಲ್ಲ. ಇದು ಕಳವಳದ ವಿಷಯ.

ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಕಣಿವೆ ಓಕ್, ನೀಲಿ ಓಕ್‌ಗಳ ಹೂವು ಅದೇ ವರ್ಷ ಕಾಯಿಯಾಗಿ ಬಲಿಯುತ್ತದೆ. ಕಪ್ಪು ಓಕ್‌ನ ಹೂವು ಬಲಿಯಲು ಎರಡು ವರ್ಷ. ಹಾಗಾಗಿ ಕೆಟ್ಟ ವಸಂತವೊಂದು ಎರಡು ಬಗೆಯ ಮರಗಳನ್ನು ಬೇರೆ ಬೇರೆ ವರ್ಷಗಳಲ್ಲಿ ಬಾಧಿಸುತ್ತದೆ. ಹಲವು ಜಾತಿಯ ಓಕ್‌ಗಳಿರುವ ಬೆಟ್ಟದಲ್ಲಿ ಒಂದು ಸೋತ ವರ್ಷ ಇನ್ನೊಂದು ಕೈಹಿಡಿಯಬಹುದು.

ಇದು ಯಾರಿಗಿಂತಲೂ ಮುಖ್ಯವಾಗುವುದು ಕಾಯಿಕೂಡಿಡುವ ಮರಕುಟಿಗಕ್ಕೆ. ಕೊಯ್ನಿಗ್ ಹೇಸ್ಟಿಂಗ್ಸ್‌ನಲ್ಲಿ ಬಹುಕಾಲ ಅಭ್ಯಾಸ ಮಾಡಿದ್ದೂ ಇದೇ ಹಕ್ಕಿಯನ್ನು. ಕುಟುಂಬವಾಗಿ ಬಾಳುವ ಈ ಹಕ್ಕಿಗಳು ಒಂದು ಮರಕ್ಕೆ ಸಾವಿರಾರು ತೂತು ಕೊರೆದು, ತೂತಿಗೊಂದರಂತೆ ಕಾಯಿ ಕುಟ್ಟಿ ಕೂರಿಸುತ್ತವೆ. ಕಾಯಿ ಒಣಗಿ ಸಡಿಲವಾದರೆ ಕಿತ್ತು ಸಣ್ಣ ತೂತಿಗೆ ಸಾಗಿಸುತ್ತವೆ. ಆ ಕಣಜ ಚಳಿಗಾಲದ ಬುತ್ತಿ. ಎಲ್ಲ ಜಾತಿಯ ಓಕ್‌ಗಳೂ ಒಟ್ಟಿಗೆ ಕೈಕೊಟ್ಟ ವರ್ಷ ತೂತುಗಳು ಖಾಲಿ ಉಳಿಯುತ್ತವೆ, ತಲೆಮಾರುಗಳಿಂದ ಕಾದುಕೊಂಡ ಕಣಜದ ಮರವನ್ನೇ ಬಿಟ್ಟು ಇಡೀ ಕುಟುಂಬ ಹೊರಟುಬಿಡುತ್ತದೆ.