ಸರ್ಕಾರಿ ಶಾಲೆಯ ಪ್ರತಿಭಾವಂತ ಮಕ್ಕಳು: ಗುರುತಿಸುವಿಕೆ, ಬೆಂಬಲ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಜವಾಹರ್ ನವೋದಯ ವಿದ್ಯಾಲಯದ ಆರನೇ ತರಗತಿ ಪ್ರವೇಶ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು. ಐದನೇ ತರಗತಿಯಲ್ಲಿರುವ ವರ್ಷ ಅರ್ಜಿ ಸಲ್ಲಿಕೆಯಾಗದಿದ್ದರೆ ಆ ಪರೀಕ್ಷೆಯ ಬಾಗಿಲು ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಎಂಟನೇ ತರಗತಿಯಲ್ಲಿ ನಡೆಯುವ ರಾಷ್ಟ್ರೀಯ ಆದಾಯ ಸಹಿತ ಪ್ರತಿಭಾ ವಿದ್ಯಾರ್ಥಿವೇತನ ಪರೀಕ್ಷೆಯ (ಎನ್‌ಎಂಎಂಎಸ್) ಸ್ಥಿತಿಯೂ ಇದೇ. ಪರೀಕ್ಷೆ ಬರೆದು ಆಯ್ಕೆಯಾಗದಿರುವುದು ಬೇರೆ. ಮಾಹಿತಿಯಿಲ್ಲದೆ ಅಥವಾ ಒಂದು ಪ್ರಮಾಣಪತ್ರ ಸಕಾಲಕ್ಕೆ ದೊರೆಯದೆ ಪರೀಕ್ಷೆಗೇ ಕೂರದಿರುವುದು ಬೇರೆ. ಪ್ರತಿಭೆಯನ್ನು ಅಳೆಯುವುದು ಗ್ರಾಮ ಪಂಚಾಯಿತಿಯ ಕೆಲಸವಲ್ಲ. ಆದರೆ ಎರಡನೆಯ ಬಗೆಯ ನಷ್ಟವನ್ನು ತಡೆಯುವುದು ಅದರ ಕೈಯಲ್ಲಿಯೇ ಇದೆ.

ಪ್ರತಿಭಾವಂತ ಮಗು ಎಂದರೆ ಯಾರು?

ತರಗತಿಯಲ್ಲಿ ಹೆಚ್ಚು ಅಂಕ ಪಡೆಯುವ ಮಗುವನ್ನು ಗುರುತಿಸುವುದು ಸುಲಭ. ಆದರೆ ಅಂಕಪಟ್ಟಿ ಪ್ರತಿಭೆಯ ಒಂದು ಮುಖವನ್ನಷ್ಟೇ ತೋರಿಸುತ್ತದೆ. ಸಂತೆಯ ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸುವ ಮಗು, ಕೆಟ್ಟ ರೇಡಿಯೊ ಬಿಚ್ಚಿ ಮತ್ತೆ ಜೋಡಿಸುವ ಮಗು, ಒಮ್ಮೆ ಕೇಳಿದ ಕಥೆಯನ್ನು ತನ್ನದೇ ಮಾತಿನಲ್ಲಿ ಹೇಳುವ ಮಗು, ಶಿಕ್ಷಕರನ್ನು ‘ಏಕೆ’ ಎಂದು ಬಿಡದೆ ಕೇಳುವ ಮಗು ಕೂಡ ಗಮನಕ್ಕೆ ಅರ್ಹವಾದವು. ಬಲ್ಲ ಪಾಠವನ್ನೇ ಮತ್ತೆ ಮತ್ತೆ ಕೇಳಿ ಬೇಸತ್ತ ಮಗು ತುಂಟನೆಂದೋ ಅಲಕ್ಷ್ಯದ ಹುಡುಗಿಯೆಂದೋ ಹೆಸರು ಪಡೆಯುವುದುಂಟು.

ಕಿವಿ ಸರಿಯಾಗಿ ಕೇಳಿಸದ ಅಥವಾ ಮಾತಿನ ತೊಂದರೆಯಿರುವ ಮಗುವನ್ನು ‘ಮಂದಬುದ್ಧಿ’ ಎಂದು ಬದಿಗಿರಿಸುವುದು ಇನ್ನೂ ದೊಡ್ಡ ತಪ್ಪು. ಇಂತಹ ತೊಂದರೆಗಳ ತಪಾಸಣೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಆಯಿಷ್) ಇದೆ. ದೇಶದ ಇತರೆಡೆಯವರು ದೂರದಿಂದ ಬರುವ ಈ ಸಂಸ್ಥೆ ಜಿಲ್ಲೆಯ ಮಕ್ಕಳಿಗೆ ಹತ್ತಿರದಲ್ಲಿಯೇ ಇದೆ.

ಶಿಫಾರಸಿಗಿಂತ ಎಲ್ಲರ ಪರಿಶೀಲನೆ ಮೇಲು

ಅಮೆರಿಕದ ಫ್ಲಾರಿಡಾ ರಾಜ್ಯದ ಬ್ರೋವರ್ಡ್ ಕೌಂಟಿಯಲ್ಲಿ ಹಿಂದೆ ಶಿಕ್ಷಕರು ಅಥವಾ ಪೋಷಕರು ಶಿಫಾರಸು ಮಾಡಿದ ಮಕ್ಕಳನ್ನು ಮಾತ್ರ ಪ್ರತಿಭಾ ಪರೀಕ್ಷೆಗೆ ಒಳಪಡಿಸಲಾಗುತ್ತಿತ್ತು. 2005ರಿಂದ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಆರಂಭಿಕ ಪರೀಕ್ಷೆ ನಡೆಸಿದಾಗ, ಬಡ ಹಾಗೂ ಹಿಂದುಳಿದ ಸಮುದಾಯಗಳಿಂದ ಆಯ್ಕೆಯಾದ ಮಕ್ಕಳ ಸಂಖ್ಯೆ ಗಣನೀಯವಾಗಿ ಏರಿತು. ಆ ಮಕ್ಕಳು ಹೊಸದಾಗಿ ಬುದ್ಧಿವಂತರಾದವರಲ್ಲ. ಮೊದಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಷ್ಟೆ. ಗ್ರಾಮ ಪಂಚಾಯಿತಿಗಳಿಗೂ ಈ ಪಾಠ ಅನ್ವಯಿಸುತ್ತದೆ. ‘ಶಾಲೆಯಿಂದ ಇಬ್ಬರು ಜಾಣರ ಹೆಸರು ಕೊಡಿ’ ಎಂದು ಕೇಳುವ ಬದಲು, ಅರ್ಹತೆಯಿರುವ ಎಲ್ಲ ಮಕ್ಕಳ ಅರ್ಜಿಯೂ ಹೋಗಿದೆಯೇ ಎಂದು ಕೇಳುವುದು ಸೂಕ್ತ.

ಲಭ್ಯವಿರುವ ಅವಕಾಶಗಳು

ನವೋದಯ ವಿದ್ಯಾಲಯದಲ್ಲಿ ಊಟ, ವಸತಿ, ಪಠ್ಯಪುಸ್ತಕ ಮತ್ತು ಸಮವಸ್ತ್ರ ಉಚಿತ. ಕನಿಷ್ಠ ಶೇ. 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಗ್ರಾಮೀಣ ಮೀಸಲಾತಿಗೆ ಮಗು 3, 4 ಮತ್ತು 5ನೇ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಪೂರ್ಣವಾಗಿ ಓದಿರಬೇಕು. ಮೈಸೂರು ನಗರದ ಅಂಚಿನ ಗ್ರಾಮಗಳ ಪೋಷಕರು ನಾಲ್ಕನೇ ತರಗತಿಯಲ್ಲಿ ಮಗುವನ್ನು ನಗರದ ಶಾಲೆಗೆ ಸೇರಿಸಿದರೆ ಈ ಮೀಸಲಾತಿ ಕೈತಪ್ಪುತ್ತದೆ. ಈ ಸಂಗತಿಯನ್ನು ಪೋಷಕರಿಗೆ ಮುಂಚಿತವಾಗಿಯೇ ತಿಳಿಸುವುದು ಅಗತ್ಯ.

ಎನ್‌ಎಂಎಂಎಸ್ ಯೋಜನೆಯಡಿ ಆಯ್ಕೆಯಾದ ವಿದ್ಯಾರ್ಥಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂ.ನಂತೆ ಒಟ್ಟು 48,000 ರೂ. ದೊರೆಯುತ್ತದೆ. ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಹಾಗೂ ಅನುದಾನಿತ ಶಾಲೆಗಳ ಮಕ್ಕಳು ಅರ್ಹರು. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂ. ಮೀರಿರಬಾರದು. ಆಯ್ಕೆಯಾದ ಬಳಿಕ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನೋಂದಾಯಿಸಿ, ಪ್ರತಿವರ್ಷ ನವೀಕರಿಸಬೇಕು. ನವೀಕರಣ ತಪ್ಪಿದರೆ ಗೆದ್ದ ವಿದ್ಯಾರ್ಥಿವೇತನವೂ ಕೈಸೇರುವುದಿಲ್ಲ.

ವಿಜ್ಞಾನದ ಹೊಸ ಆಲೋಚನೆಯುಳ್ಳ ಮಕ್ಕಳಿಗೆ ‘ಇನ್‌ಸ್ಪೈರ್ ಮಾನಕ್’ ಯೋಜನೆಯಿದ್ದು, ಆಯ್ಕೆಯಾದವರಿಗೆ ಮಾದರಿ ತಯಾರಿಸಲು 10,000 ರೂ. ನೀಡಲಾಗುತ್ತದೆ. ಹಾಡು, ಭಾಷಣ, ಚಿತ್ರಕಲೆ ಮೊದಲಾದವುಗಳಿಗೆ ಪ್ರತಿಭಾ ಕಾರಂಜಿಯ ವೇದಿಕೆಯಿದೆ.

ಆಸರೆ ದೊರೆತರೆ

ಹಾಸನ ಜಿಲ್ಲೆಯ ಸಂತೇಶಿವರ ಗ್ರಾಮದ ಎಸ್. ಎಲ್. ಭೈರಪ್ಪನವರು ಬಾಲ್ಯದಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡವರು. ಕಡು ಬಡತನದಲ್ಲಿ ಮೈಸೂರಿಗೆ ಬಂದು, ಇತರರು ನೀಡಿದ ಆಸರೆಯಲ್ಲಿ ಓದಿ, ಮೈಸೂರು ವಿಶ್ವವಿದ್ಯಾನಿಲಯದ ತತ್ತ್ವಶಾಸ್ತ್ರ ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದರು. ಇದೇ ನಗರದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಶಿಕ್ಷಕರಾಗುವವರಿಗೆ ಪಾಠ ಹೇಳಿ 1991ರಲ್ಲಿ ನಿವೃತ್ತರಾದರು. ಅವರಿಗೆ ಬುದ್ಧಿಶಕ್ತಿ ಮೊದಲಿನಿಂದಲೂ ಇತ್ತು. ಅನ್ನ ಮತ್ತು ಸೂರು ಇಲ್ಲದೆ ಅದು ಮುಂದುವರಿಯುವಂತಿರಲಿಲ್ಲ. ಅಂದು ಆಸರೆ ದೊರೆಯುವುದು ಅದೃಷ್ಟದ ಮಾತಾಗಿತ್ತು. ಇಂದು ಅದು ಯೋಜನೆಗಳ ರೂಪದಲ್ಲಿದೆ. ಅದನ್ನು ಮಗುವಿನವರೆಗೆ ತಲುಪಿಸುವುದಷ್ಟೇ ಬಾಕಿ.

ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

1. ಜೂನ್ ತಿಂಗಳ ಸಾಮಾನ್ಯ ಸಭೆಯಲ್ಲಿ ವ್ಯಾಪ್ತಿಯ ಎಲ್ಲ ಶಾಲೆಗಳ 5 ಮತ್ತು 8ನೇ ತರಗತಿ ಮಕ್ಕಳ ಸಂಖ್ಯೆಯನ್ನು ಮುಖ್ಯ ಶಿಕ್ಷಕರಿಂದ ಪಡೆದು, ಅರ್ಜಿ ಸಲ್ಲಿಸಿದವರ ಸಂಖ್ಯೆಯೊಂದಿಗೆ ನಂತರದ ಸಭೆಗಳಲ್ಲಿ ಹೋಲಿಸುವುದು.

2. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಹಾಗೂ ಶಾಲಾ ದಾಖಲೆಯಲ್ಲಿನ ಹೆಸರಿನ ವ್ಯತ್ಯಾಸ, ಬ್ಯಾಂಕ್ ಖಾತೆ ಮುಂತಾದ ತೊಡಕುಗಳನ್ನು ಅಧಿಸೂಚನೆ ಬರುವ ಮೊದಲೇ ನಾಡಕಚೇರಿ ಮತ್ತು ಬ್ಯಾಂಕಿನ ನೆರವಿನಿಂದ ಬಗೆಹರಿಸುವುದು.

3. ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಇರಿಸಿ, ಸಂಜೆಯ ವೇಳೆ ಮಕ್ಕಳಿಗೆ ಕುಳಿತು ಓದಲು ಸ್ಥಳ ಮತ್ತು ಬೆಳಕು ಒದಗಿಸುವುದು.

4. ಪರೀಕ್ಷೆಯ ದಿನ ದೂರದ ಕೇಂದ್ರಕ್ಕೆ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಕರೆದೊಯ್ಯುವ ವ್ಯವಸ್ಥೆಯನ್ನು ಎಸ್‌ಡಿಎಂಸಿಯೊಂದಿಗೆ ಸೇರಿ ಮಾಡುವುದು.

5. ಮಕ್ಕಳ ಗ್ರಾಮ ಸಭೆಯಲ್ಲಿ ಈ ಅವಕಾಶಗಳನ್ನು ಮಕ್ಕಳಿಗೇ ನೇರವಾಗಿ ವಿವರಿಸುವುದು.

6. ಆಯ್ಕೆಯಾದವರ ಪಟ್ಟಿಯನ್ನು ಇರಿಸಿಕೊಂಡು, ಪ್ರತಿವರ್ಷ ವಿದ್ಯಾರ್ಥಿವೇತನದ ನವೀಕರಣವನ್ನು ಖಚಿತಪಡಿಸಿಕೊಳ್ಳುವುದು.

ಈ ಕ್ರಮಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಆಯ್ಕೆಯಾದ ಮಗುವಿಗೆ ಸನ್ಮಾನ ಮಾಡುವುದು ಒಳ್ಳೆಯದೇ. ಅರ್ಜಿಯೇ ಹೋಗದ ಮಗು ಯಾವುದೆಂದು ವಿಚಾರಿಸುವುದು ಅದಕ್ಕೂ ಮೊದಲು ಆಗಬೇಕಾದ ಕೆಲಸ.