ಪೆರುವಿನ ಕಡಲೂ ಮಧುವಾಹಿನಿಯ ನೆರೆಯೂ

ಆಟಿಯ ಮಳೆ ಬಿಡದೆ ಹೊಡೆದರೆ ಮಧೂರಿನ ಮಧುವಾಹಿನಿ ಹೊಳೆಯು ದಂಡೆ ಮೀರಿ ಮದನಂತೇಶ್ವರ ಸಿದ್ಧಿವಿನಾಯಕನ ಅಂಗಣಕ್ಕೇ ನುಗ್ಗುವುದುಂಟು. ಅದೇ ಹೊಳೆಯು ಪಗ್ಗು ತಿಂಗಳಿಗೆ ಸೊರಗಿ, ಆಸುಪಾಸಿನ ಅಡಿಕೆ ತೋಟದವರು ಕೆರೆಯ ತಳವನ್ನೂ ಸುರಂಗದ ಬಾಯಿಯನ್ನೂ ನೋಡುತ್ತಾ ಕೂರಬೇಕಾಗುತ್ತದೆ. ಈ ಎರಡಕ್ಕೂ ಭೂಗೋಲದ ಆಚೆ ಮಗ್ಗುಲಿನ ಪೆರು ದೇಶದ ಕಡಲಿಗೂ ಸಂಬಂಧವಿದೆಯೆಂದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು. ಆದರೆ ಸಂಬಂಧವಿರುವುದು ನಿಜ. ಅದು ಎಷ್ಟು ಬಿಗಿಯಾದುದು ಎಂಬುದರಲ್ಲಿ ಮಾತ್ರ ಚರ್ಚೆಯಿದೆ.

ಪೆಸಿಫಿಕ್ ಸಾಗರದ ಮೇಲೆ ಸಾಮಾನ್ಯವಾಗಿ ಮೂಡಣದಿಂದ ಪಡುವಣಕ್ಕೆ ಗಾಳಿ ಬೀಸುತ್ತದೆ. ಅದು ಮೇಲ್ಮೈಯ ಬಿಸಿ ನೀರನ್ನು ಇಂಡೋನೇಷ್ಯದ ಕಡೆಗೆ ತಳ್ಳುತ್ತದೆ. ಪೆರುವಿನ ತೀರದಲ್ಲಿ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಆ ತಣ್ಣೀರಿನಲ್ಲಿ ಮೀನು ಹೇರಳ. ಎರಡರಿಂದ ಏಳು ವರ್ಷಗಳಿಗೊಮ್ಮೆ ಈ ಗಾಳಿ ಸೋಲುತ್ತದೆ. ಬಿಸಿ ನೀರು ಪೂರ್ವಕ್ಕೆ ಮರಳುತ್ತದೆ, ಮೋಡವೂ ಮಳೆಯೂ ಅದರ ಬೆನ್ನು ಹಿಡಿಯುತ್ತವೆ. ಕ್ರಿಸ್ಮಸ್ ಹೊತ್ತಿಗೆ ಕಾಣಿಸುವುದರಿಂದ ಅಲ್ಲಿನ ಬೆಸ್ತರು ಇದನ್ನು ‘ಎಲ್ ನಿನೊ’, ಅಂದರೆ ಬಾಲಯೇಸು ಎಂದು ಕರೆದರು. ಅಲ್ಲಿ ಏರಿದ ಗಾಳಿ ಮತ್ತೆಲ್ಲಾದರೂ ಇಳಿಯಬೇಕಷ್ಟೆ. ಇಂಡೋನೇಷ್ಯ ಮತ್ತು ಭಾರತದ ಮಗ್ಗುಲಲ್ಲಿ ಇಳಿದರೆ ಇಲ್ಲಿ ಮೋಡ ಕಟ್ಟುವುದಕ್ಕೆ ಅಡ್ಡಿ. ಕಡಲಿನ ಶಾಖದಲ್ಲಿ ಅರ್ಧ ಡಿಗ್ರಿಯ ಹೆಚ್ಚಳ ನಿಂತರೂ ಸಾಕು, ವಿಜ್ಞಾನಿಗಳು ಕಿವಿ ನಿಮಿರಿಸುತ್ತಾರೆ.

ಈ ಗುಟ್ಟನ್ನು ಹುಡುಕಲು ಹೊರಟದ್ದು ನಮ್ಮ ದೇಶದ ಬರಗಾಲದಿಂದಲೇ ಎಂಬುದನ್ನು ವಾಚಕರು ಗಮನಿಸಬೇಕು. 1876–78ರ ಮಹಾಕ್ಷಾಮದಲ್ಲಿ ಮೈಸೂರು, ಬಳ್ಳಾರಿ ಸೀಮೆಗಳಲ್ಲಿ ಜನ ಹುಳುಗಳಂತೆ ಸತ್ತರು. 1877ರಲ್ಲಿ ಪೆಸಿಫಿಕ್ ವಿಪರೀತ ಬಿಸಿಯಾಗಿದ್ದುದು ಆಗ ಯಾರಿಗೂ ತಿಳಿದಿರಲಿಲ್ಲ. 1899ರಲ್ಲಿ ಸರಕಾರದ ಹವಾಮಾನ ಇಲಾಖೆಯು ಒಳ್ಳೆಯ ಮಳೆಯಾಗುವುದೆಂದು ಹೇಳಿತು, ಬಂದದ್ದು ಘೋರ ಬರ. 1904ರಲ್ಲಿ ಆ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಗಣಿತಜ್ಞನೇ ಹೊರತು ಹವೆಯ ಪಂಡಿತನಲ್ಲ. ಆತ ಜಗತ್ತಿನ ಮೂಲೆಮೂಲೆಯ ಅಂಕಿಗಳನ್ನು ತರಿಸಿ ಭಾರತೀಯ ಗುಮಾಸ್ತರಿಂದ ಲೆಕ್ಕ ಹಾಕಿಸಿದ. ಪೆಸಿಫಿಕ್‌ನ ಕಡೆ ವಾಯುಭಾರ ಏರಿದಾಗ ಹಿಂದೂ ಸಾಗರದ ಕಡೆ ಇಳಿಯುತ್ತದೆ, ಅದು ಇಳಿದರೆ ಇದು ಏರುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ. ಕಾರಣವೇನೆಂದು ವಾಕರನಿಗೆ ಹೇಳಲಾಗಲಿಲ್ಲ. ಕಡಲಿನ ಶಾಖಕ್ಕೂ ಈ ತಕ್ಕಡಿಗೂ ಗಂಟು ಹಾಕಿ ತೋರಿಸಿದ್ದು ಯಾಕೋಬ್ ಬ್ಯರ್ಕ್ನೆಸ್, 1969ರಲ್ಲಿ. ಗುಮಾಸ್ತರ ಹೆಸರುಗಳನ್ನು ಯಾರೂ ನೆನೆಯುವುದಿಲ್ಲ, ಲೆಕ್ಕವಂತೂ ಅವರದ್ದೇ.

ಹಾಗೆಂದು ಎಲ್ ನಿನೊ ಬಂತೆಂದರೆ ಬರ ಖಂಡಿತ ಎಂದು ತೀರ್ಮಾನಿಸುವಂತಿಲ್ಲ. 1997ರಲ್ಲಿ ಶತಮಾನದ ಅತಿ ಬಲವಾದ ಎಲ್ ನಿನೊಗಳಲ್ಲೊಂದು ಎದ್ದಿತು, ಆದರೂ ದೇಶದ ಮುಂಗಾರು ವಾಡಿಕೆಗೆ ತುಸು ಮೇಲೆಯೇ ಇತ್ತು. ಬಲದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಯಾದ 2002ರ ಎಲ್ ನಿನೊ ದೇಶದ ಮಳೆಯ ಐದನೆಯ ಒಂದಂಶವನ್ನು ನುಂಗಿತು. ಇದಕ್ಕೆ ಉತ್ತರದ ಒಂದು ಭಾಗ ನಮ್ಮ ಬಾಗಿಲ ಕಡಲಲ್ಲಿಯೇ ಇದೆ. ಹಿಂದೂ ಸಾಗರದ ಪಶ್ಚಿಮ ಭಾಗ ಬಿಸಿಯಾಗಿ, ಸುಮಾತ್ರದ ಕಡೆ ತಣ್ಣಗಾಗುವ ಒಂದು ಸ್ಥಿತಿಯಿದೆ. ಅದನ್ನು 1999ರಲ್ಲಿ ಸಜಿ, ವಿನಯಚಂದ್ರನ್ ಮೊದಲಾದವರು ಜಪಾನಿನ ಯಮಗಾಟರೊಡನೆ ಸೇರಿ ವಿವರಿಸಿದರು. ಇದು ಮುಂಗಾರಿಗೆ ಬೆನ್ನು ತಟ್ಟಬಲ್ಲುದು. 2019ರಲ್ಲಿ ಅದು ಬಲವಾಗಿತ್ತು. ದೇಶಕ್ಕೆ ವಾಡಿಕೆಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ಮಳೆ, ಪೂರ್ವ ಆಫ್ರಿಕಕ್ಕೆ ನೆರೆ, ಆಸ್ಟ್ರೇಲಿಯಕ್ಕೆ ಒಣಹವೆಯೂ ಕಾಡ್ಗಿಚ್ಚೂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಸುಲೋಚನಾ ಗಾಡ್ಗೀಳರು ಕಡಲಿನ ಶಾಖವೊಂದನ್ನೇ ನೋಡಿದರೆ ಸಾಲದು, ಸಮಭಾಜಕದ ಮೇಲಿನ ಮೋಡಗಳನ್ನೂ ನೋಡಬೇಕೆಂದು ತೋರಿಸಿದರು. ನಮಗೆ ಇದು ಹೆಚ್ಚು ಮನಸ್ಸಿಗೆ ಹಿಡಿಸುವ ಮಾತು.

2023ರ ಎಲ್ ನಿನೊವನ್ನು ನಮ್ಮ ನಾಡು ಮರೆತಿರಲಾರದು. ಆ ಆಗಸ್ಟ್ ತಿಂಗಳು ದೇಶಕ್ಕೆ 1901ರಿಂದೀಚೆಗೆ ಅತಿ ಒಣ ಆಗಸ್ಟ್. ಕೇರಳ ರಾಜ್ಯಕ್ಕೆ ನಾಲ್ಕು ತಿಂಗಳ ಮಳೆಯಲ್ಲಿ ಮೂರನೆಯ ಒಂದಂಶ ಖೋತಾ. ಮಳೆಯ ಎಡೆ ಸಿಕ್ಕರೆ ಅಡಿಕೆಗೆ ಮೈಲುತುತ್ತಿನ ಮದ್ದು ಬಿಡಲು ಅನುಕೂಲ, ಕೊಳೆರೋಗದ ಭಯವೂ ಕಡಿಮೆ ಎಂಬುದೇನೋ ಸರಿ. ಆದರೆ ಆಟಿಯಲ್ಲಿ ನೆಲ ಕುಡಿಯದ ನೀರನ್ನು ಪಗ್ಗುವಿನಲ್ಲಿ ಯಾವ ಸುರಂಗವೂ ಕೊಡದು.

ಇಲ್ಲಿ ಒಂದು ಎಚ್ಚರ ಬೇಕು. ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ಹೇಳುವುದು ದೇಶಕ್ಕೆ ಒಟ್ಟು ಎಷ್ಟು ಮಳೆ ಎಂಬುದನ್ನು. ಸಹ್ಯಾದ್ರಿಗೆ ಬಡಿದು ಮೇಲೇರುವ ಅರಬ್ಬಿ ಕಡಲಿನ ಗಾಳಿ ನಮ್ಮ ಕರಾವಳಿಗೆ ಬಡ ವರ್ಷದಲ್ಲಿಯೂ ಒಂದೆರಡು ದಿನಗಳಲ್ಲಿ ನೆರೆ ತರಬಲ್ಲುದು. ಹಾಗಾಗಿ ಎಲ್ ನಿನೊ ವರ್ಷವೆಂದು ಮಧೂರಿನ ಹೊಳೆಬದಿಯವರು ನಿಶ್ಚಿಂತರಾಗಿ ಮಲಗುವಂತಿಲ್ಲ; ಕಟ್ಟ ಕಟ್ಟುವವರು ಮಳೆ ನಿಂತ ಮೇಲೆ ತಡಮಾಡುವಂತೆಯೂ ಇಲ್ಲ.

ತೆಂಗಿನ ಲೆಕ್ಕ ಇನ್ನೂ ಉದ್ದ. ಹೊಂಬಾಳೆಯ ಮೊಳಕೆ ಮರದೊಳಗೆ ಮೂಡಿದಂದಿನಿಂದ ಕಾಯಿ ಬಲಿಯಲು ಸುಮಾರು 44 ತಿಂಗಳು ಬೇಕು. ನಡುವೆ ಬಿದ್ದ ಒಂದು ಬರದ ಏಟು ಮುಂದಿನ ಮೂರು ನಾಲ್ಕು ವರ್ಷಗಳ ಕೊಯ್ಲಿನಲ್ಲಿ ಕಾಣಿಸುತ್ತಾ ಹೋಗುತ್ತದೆ. ಪೆರುವಿನ ಕಡಲು ತಣ್ಣಗಾಗಿ ಎಷ್ಟೋ ಕಾಲವಾದ ಮೇಲೂ ನಮ್ಮ ಮರಗಳ ಗೊನೆಯಲ್ಲಿ ಅದರ ಬಿಸಿ ಉಳಿದಿರುತ್ತದೆ.